ದಾರಿಯಲ್ಲಿ ಬಿಚ್ಚಿದ ಬುತ್ತಿ

ಒಂದೂರಲ್ಲಿ ಒಬ್ಬ ಹೆಣ್ಣುಮಗಳು ರೊಟ್ಟಿ ತಟ್ಟುತ್ತಿದ್ದಳು. ಆರೋಗ್ಯ ಕಾರ್ಯಕರ್ತೆ. ಹೆಸರು ಕೇಳಬೇಡಿ, ಯಾಕೆಂದು ಕಥೆ ಮುಗಿಯುವಷ್ಟರಲ್ಲಿ ನಿಮಗೇ ತಿಳಿಯುತ್ತದೆ. ಐದನೆಯ ರೊಟ್ಟಿ ಹಂಚಿನ ಮೇಲಿದ್ದಾಗ ಮೇಲ್ವಿಚಾರಕಿಯ ಫೋನ್ ಬಂತು. 'ಹನ್ನೊಂದರೊಳಗ ಎಲ್ಲಾ ಮಾಹಿತಿ ಕಳಸ್ರಿ ಅಕ್ಕಾರ.'

ಊರಲ್ಲಿ ಯಾರು ಕ್ಷಯದ ಗುಳಿಗೆ ನುಂಗುತ್ತಿದ್ದಾರೆ ಎಂಬುದೆಲ್ಲ ಅವಳ ಫೋನಿನ ಆ್ಯಪ್‌ನಲ್ಲಿತ್ತು. ಗಂಡನಿಗೂ ತೋರಿಸಿದವಳಲ್ಲ. ಅವಳ ಹೆಬ್ಬೆರಳಿಗೆ ಮಾತ್ರ ತೆರೆಯುವ ಬೀಗ. ನೋಡಿ, ಮನೆಯಲ್ಲಿ ಅಷ್ಟು ಭದ್ರ. ಆದರೆ ಮನೆಯಲ್ಲಿ ಮಾತಿಗೆ ಸಿಗ್ನಲ್ ಸಿಕ್ಕರೂ ಇಂಟರ್ನೆಟ್ ಸಿಗದು. ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ಪುಕ್ಕಟೆ ವೈಫೈ ಇತ್ತು. ಅಲ್ಲಿ ನಿಂತು ಕಳಿಸಹೊರಟರೆ ಫೋನ್ ಕೇಳುತ್ತಿತ್ತು: ಈ ಸಂಪರ್ಕ ಸುರಕ್ಷಿತವಲ್ಲ, ಮುಂದುವರಿಯಬೇಕೆ? ದಿನಾ ಕೇಳುತ್ತಿತ್ತು. ದಿನಾ ಅವಳು ಹೂಂ ಒತ್ತುತ್ತಿದ್ದಳು. ಅಂದೂ ಒತ್ತಿದಳು.

ಆ ವೈಫೈ ಹಾಕಿದ ಅಂಗಡಿಯವನು ಅದರಲ್ಲಿ ಹಾದುಹೋಗುವುದನ್ನೆಲ್ಲ ಓದುತ್ತಿದ್ದ. ವಾರದ ಮೇಲೆ ಅವಳನ್ನು ಕೆಣಕಿದ. 'ಏನ್ರೀ ಅಕ್ಕಾರ, ನಿಮ್ಮ ಓಣಿ ಹೊಸಾ ಸೊಸಿಗೆ ಕ್ಷಯ ಅಂತಲ್ಲ?'

'ನಿನಗ ಯಾರ ಹೇಳಿದ್ರಪಾ?'

'ನಿಮ್ಮ ಫೋನೇ ಹೇಳೇತಿ ಬಿಡ್ರಿ.'

ಅವಳು ಆ ಮನೆಗೆ ಓಡಿದಳು. ಅಂಗಡಿಯವನ ಮಾತು ಅವಳಿಗಿಂತ ಮುಂಚೆ ಅಲ್ಲಿಗೆ ಮುಟ್ಟಿತ್ತು. ಸೊಸೆ ಬಾಗಿಲನ್ನು ಅರ್ಧ ತೆರೆದಳು. 'ನಿಮಗೊಬ್ಬರಿಗೇ ಗೊತ್ತಿತ್ತು ಯಕ್ಕಾ. ಈಗ ಅತ್ತಿ ನನ್ನ ತಾಟ ಬ್ಯಾರೆ ಇಟ್ಟಾಳ. ಇನ್ನ ಗುಳಗಿ ತರಬ್ಯಾಡ್ರಿ.'

'ನಾ ಬಾಯಿ ಬಿಟ್ಟಿಲ್ಲವ್ವಾ.'

'ಹಂಗಾರ ಗಾಳಿ ಹೇಳಿತೇನು?'

ಬಾಗಿಲು ಮುಚ್ಚಿತು. ಗುಳಿಗೆ ನಡುವೆ ನಿಂತರೆ ಆ ಹುಡುಗಿಯ ಗತಿ ಏನೆಂದು ಇವಳಿಗೆ ಗೊತ್ತು.

ತಾಯಂದಿರೇ, ಹೊಲಕ್ಕೆ ಬುತ್ತಿ ಒಯ್ಯುವಾಗ ಬಟ್ಟೆ ಯಾಕೆ ಕಟ್ಟುತ್ತೀರಿ? ಮನೆಯಲ್ಲಿ ಮುಚ್ಚಳವಿದೆ. ಹೊಲದಲ್ಲಿ ಕಾಯುವವರಿದ್ದಾರೆ. ಹದ್ದು ಎರಗುವುದು ದಾರಿಯಲ್ಲಿ. ಆ ಆ್ಯಪ್ ಮಾಡಿದವರು ದಾರಿ ಸರಿಯಿಲ್ಲದಾಗ ಕೇಳುತ್ತ ಕೂರದೆ ಕಳಿಸುವುದನ್ನೇ ನಿಲ್ಲಿಸಬೇಕಿತ್ತು. ಅದು ಅವರ ತಪ್ಪು, ಅವರಿಗೂ ಹೇಳೋಣ. ಆದರೆ ಹೂಂ ಒತ್ತಿದ ಬೆರಳು ಯಾರದು?

ನಿಮ್ಮ ಫೋನಿನಲ್ಲೂ ತಂಗಿಯ ಆಸ್ಪತ್ರೆ ಚೀಟಿ ಇದೆ, ನೆರೆಯವಳ ಕಣ್ಣೀರಿದೆ. ನಾಳೆಯಿಂದ ಅದನ್ನು ಗೊತ್ತಿಲ್ಲದ ವೈಫೈಗೆ ಒಪ್ಪಿಸಬೇಡಿ. ಸುರಕ್ಷಿತವಲ್ಲ ಎಂದು ಫೋನ್ ಹೇಳಿದರೆ ಬೇಡ ಒತ್ತಿ. ತಡವಾದರೆ ಬೈಸಿಕೊಳ್ಳಿ. ಬೈಗುಳ ತಿಂದವರು ಬದುಕುತ್ತಾರೆ.

ಅವಳೇನು ಮಾಡಿದಳು? ಮರುದಿನ ಚಹಾದಂಗಡಿ ದಾಟಿ, ತನ್ನ ಸಿಮ್ಮಿಗೇ ಇಂಟರ್ನೆಟ್ ಸಿಗುವ ನೀರಿನ ಟ್ಯಾಂಕಿನವರೆಗೆ ಎರಡು ಮೈಲು ನಡೆದಳು. ಮರಳುವಾಗ ರೊಟ್ಟಿಯ ಗಂಟಿನಲ್ಲಿ ಗುಳಿಗೆ ಇಟ್ಟುಕೊಂಡು ಆ ಬಾಗಿಲಿಗೆ ಬಂದಳು. 'ತಪ್ಪು ನಂದ ಐತಿ ಅವ್ವಾ' ಎಂದಳು, ಒಳಗಿನವಳಿಗಷ್ಟೇ ಕೇಳುವಂತೆ. ಬಾಗಿಲು ತೆರೆಯಲಿಲ್ಲ. ಗಂಟನ್ನು ಹೊಸ್ತಿಲ ಮೇಲೆ ಬಿಟ್ಟು ಬರಲಿಲ್ಲ ಅವಳು, ಸೆರಗಿನಡಿ ಮುಚ್ಚಿಕೊಂಡಳು. ತೆರೆಯುವ ತನಕ ದಿನಾ ಬರುವುದೆಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಳು. ಯಾರಿಗೂ ಹೇಳಲಿಲ್ಲ.