ಅಪ್ಪನ ಮರೆವು

ಡೈರಿಯಲ್ಲೂ ಬರೆಯಲಾಗದ ಒಂದು ಮಾತನ್ನು ಮಗಳು ಬೆಳಗಿನಿಂದ ತನ್ನೊಳಗೇ ಇಟ್ಟುಕೊಂಡಿದ್ದಳು. ನಿನ್ನೆ ಸಂಜೆ ಪಾತ್ರೆ ತೊಳೆಯುವ ಕೆಲಸದಿಂದ ತಪ್ಪಿಸಿಕೊಂಡು, ಅಪ್ಪನ ಕಾರಿನಲ್ಲಿ ಕೂತು ಡೈರಿ ಬರೆದವಳು ಒಳಗಿನ ದೀಪ ಆರಿಸದೆ ಎದ್ದು ಬಂದಿದ್ದಳು. ಬೆಳಗ್ಗೆ ಆ ಕೊರೆಯುವ ಚಳಿಯಲ್ಲಿ ಕಾರು ಜಪ್ಪಯ್ಯ ಎಂದರೂ ಚಾಲೂ ಆಗದೆ, ಗ್ಯಾರೇಜಿಗೆ ತಳ್ಳಿಸಿಕೊಂಡು ಬರಬೇಕಾಯಿತು. ಈಗ ಇಸ್ತ್ರಿಗೆ ಕೊಡಬೇಕಾದ ಬಟ್ಟೆಗಂಟನ್ನು ಮಡಿಲಲ್ಲಿಟ್ಟುಕೊಂಡು ಗ್ಯಾರೇಜಿನ ಬೆಂಚಿನ ಮೇಲೆ ಕೂತಿದ್ದಳು. ಅಪ್ಪನೂ ಮೆಕ್ಯಾನಿಕ್ಕೂ ಬಾನೆಟ್ಟಿನ ಮೇಲೆ ಬಾಗಿದ್ದರು.

"ಬ್ಯಾಟರಿ ಪೂರ್ತಿ ಮಲಗಿದೆ ಮೇಷ್ಟ್ರೇ. ದೀಪ ಹಾಕ್ಕೊಂಡು ಅದಕ್ಕೂ ಪಾಠ ಮಾಡ್ತಿದ್ರಾ?"

"ಹಾಕಿದ್ದೇ ನೆನಪಿಲ್ಲ ಕಣಯ್ಯಾ."

"ಮರೆವು ಯಾರಿಗಿಲ್ಲ ಬಿಡಿ."

"ನಂದು ಜಾಸ್ತಿ ಆಗ್ತಿದೆ. ಮೊನ್ನೆ ಹಾಲು ಉಕ್ಕಿಸಿದೆ. ಆಮೇಲೆ ನಲ್ಲಿ ನಿಲ್ಲಿಸೋದು ಮರೆತೆ. ಈಗ ಇದು."

"ನಮ್ಮನೆಯವಳು ನಾನು ಹೊರಗಿರೋದನ್ನೇ ಮರೆತು ಬಾಗಿಲು ಹಾಕ್ಕೊಂಡಿದ್ಲು!"

ಅಪ್ಪ ನಗಲಿಲ್ಲ.

"ಇವತ್ತು ದೀಪ ಮರೆತೆ, ನಾಳೆ ಬ್ರೇಕ್ ಮರೆತ್ರೆ? ಹಿಂದೆ ಇವಳು, ಇವಳಮ್ಮ ಕೂತಿರ್ತಾರೆ. ಯಾರಾದ್ರೂ ಕೊಳ್ಳೋರಿದ್ರೆ ನೋಡು. ಇನ್ನು ನಾನು ಓಡಿಸಲ್ಲ."

"ಏನ್ ಮೇಷ್ಟ್ರೇ, ಇಷ್ಟಕ್ಕೆಲ್ಲಾ..."

"ಇಲ್ಲಪ್ಪ. ನನ್ನ ಮೇಲೆ ನನಗೇ ನಂಬಿಕೆ ಹೋಗಿದೆ."

ಅಪ್ಪ ಕೀಲಿಯನ್ನು ಅವನ ಕೈಗೆ ಹಾಕಿ, ಮಫ್ಲರ್ ಬಿಗಿದುಕೊಂಡು ಬೀದಿಯ ಕಡೆ ಹೆಜ್ಜೆ ಹಾಕಿದರು. ಅವಳು ಗಂಟನ್ನು ಬೆಂಚಿನ ಮೇಲಿಟ್ಟು ಎದ್ದಳು.

"ಅಪ್ಪಾ, ನಿಂತ್ಕೊಳ್ಳಿ. ಮರೆತಿದ್ದು ನೀವಲ್ಲ. ದೀಪ ಹಾಕಿ ಹಾಗೇ ಬಿಟ್ಟು ಬಂದಿದ್ದು ನಾನು."