ಬಾಯಾರಿದ ಮಾರಮ್ಮ

ಸಂಜೆಯ ಮಳೆ ಜೋರಾಗಿ ಹಿಡಿದುಕೊಂಡಿತು. ಹೊಲದಿಂದ ಓಡಿಬಂದ ಹೆಂಗಸರೆಲ್ಲ ಮೂಗಮ್ಮಜ್ಜಿಯ ಪಡಸಾಲೆಯಲ್ಲಿ ಒತ್ತಿಕೊಂಡು ಕೂತರು. ಅಜ್ಜಿ ಎಲೆಯಡಿಕೆ ಉಗಿದು ಬಂದು ಶುರು ಮಾಡಿದಳು: "ನಮ್ಮತ್ತೆ ಕೆಂಚಕ್ಕ ಸಾಯೋಗಂಟ ಬಲಗೈಲಿ ಉಣ್ಲಿಲ್ಲ ಕಣ್ರವ್ವಾ... ಯಾಕೆ ಅಂತ ಗೊತ್ತೈತಾ?"

ಪ್ಲೇಗಿನ ವರ್ಷ, ರಾಂಪುರದ ಆಚೆಯ ಈ ಹಟ್ಟಿಯಲ್ಲಿ ಮೊದಲು ಗಡ್ಡೆ ಎದ್ದದ್ದು ಬಡಗಿ ಚಿನ್ನಯ್ಯನ ಹೆಂಡತಿ ಸೂರಮ್ಮನಿಗೆ. ಚಿನ್ನಯ್ಯ ಪರವೂರಿಗೆ ಕೆಲಸಕ್ಕೆ ಹೋಗಿದ್ದ. ಗೌಡ ಯರ್ರಪ್ಪ ಅವಳನ್ನು ಬಂಡೆಗಳ ನಡುವಿನ ಗುಡಿಸಲಿಗೆ ಹಾಕಿಸಿ, ಹತ್ತಿರ ಹೋದವರನ್ನೂ ಊರೊಳಗೆ ಬಿಡೆನೆಂದ. ಮಾರಮ್ಮನ ಗುಡಿ ಗುಡಿಸುತ್ತಿದ್ದ ಕೆಂಚಕ್ಕ ಮನಸ್ಸು ತಡೆಯದೆ ಬಿಂದಿಗೆ ಹೊತ್ತು ಅರ್ಧ ದಾರಿ ಹೋದವಳು, ಗುಡಿಸಲಿನಿಂದ ಬಂದ ಕೀವಿನ ನಾತ ತಾಳಲಾರದೆ ಮೂಗಿಗೆ ಸೆರಗೊತ್ತಿ ಹಿಂದಿರುಗಿದಳು. "ನೀರು... ಅಕ್ಕಾ, ನೀರು..." ಎಂಬ ಕೂಗು ಬೆನ್ನಿಗೇ ಬಂತು. ಚಿನ್ನಯ್ಯ ಬರುವಷ್ಟರಲ್ಲಿ, ಕಂಕುಳ ಗಡ್ಡೆಯಿಂದ ಇಳಿಸಲಾಗದ ಕೈಯನ್ನು ಮೇಲೆತ್ತಿಕೊಂಡೇ ಸೂರಮ್ಮ ಸತ್ತಿದ್ದಳು.

ರೋಗ ಇಳಿದ ಮೇಲೆ ಹೊಸ ಮಾರಮ್ಮನನ್ನು ಕೆತ್ತಲು ಊರು ಚಿನ್ನಯ್ಯನಿಗೇ ಹೇಳಿತು. ಒಣಗಿದ ಬೇವಿನ ದಿಮ್ಮಿಯಲ್ಲಿ ಕೆತ್ತಿದ. ಮುಸುಕು ತೆಗೆದಾಗ ಜನ ಹಿಂದೆ ಸರಿದರು. ಕತ್ತಿ ಹಿಡಿಯಬೇಕಾದ ಕೈ ಬರಿದಾಗಿ ಮೇಲೆದ್ದಿತ್ತು, ಕಂಕುಳಲ್ಲಿ ಗಡ್ಡೆ, ಒಡೆದ ತುಟಿ, ಕೋಪಕ್ಕಲ್ಲ, ನೀರಿಗಾಗಿ ಹೊರಬಿದ್ದ ನಾಲಗೆ.

"ಥೂ! ದೇವ್ರನ್ನ ಮಾಡು ಅಂದ್ರೆ ಹೆಣ ಕೆತ್ತಿದೀಯಲ್ಲಲೇ!" ಎಂದ ಯರ್ರಪ್ಪ.

"ಕತ್ತಿ ಹಿಡ್ದಿರೋ ಅಮ್ಮನ್ನ ನಾನು ಕಂಡಿಲ್ರಿ ಗೌಡ್ರೇ. ನಂಗೆ ಕಂಡೋಳು ಇವ್ಳೇ," ಎಂದ ಚಿನ್ನಯ್ಯ.

ಯರ್ರಪ್ಪ ಅವನ ಮರ ಕೆತ್ತುವ ಬಾಚಿ ಕಿತ್ತುಕೊಂಡು ಗಡ್ಡೆಗೆ ಹೊಡೆದ. ಮರ ಒಡೆದರೆ ಏನು ಬರಬೇಕು? ಚಕ್ಕೆ ತಾನೇ? ಬಂದದ್ದು ಹಳದಿ ಕೀವು... ಸೂರಮ್ಮನ ಗುಡಿಸಲಿನದೇ ನಾತ.

"ಒರೆಸೇ ಕೆಂಚೀ!" ಎಂದು ಕೂಗಿದ ಗೌಡ ತಾನೇ ಮೊದಲು ಓಡಿದ.

ಕೆಂಚಕ್ಕ ಒರೆಸಿದಳು. ಬೆಚ್ಚಗಿತ್ತು. ಒರೆಸಿದಷ್ಟೂ ಒಸರಿತು. ಆಮೇಲೆ ಬೂದಿ, ಸೀಗೆಪುಡಿ, ಸಗಣಿ, ಏನು ಹಾಕಿ ಉಜ್ಜಿದರೂ ಒರೆಸಿದ ಬಲಗೈಯ ನಾತ ಹೋಗಲಿಲ್ಲ. ತುತ್ತು ಬಾಯಿಗೆ ಬಂದರೆ ವಾಂತಿಯಾಗುತ್ತಿತ್ತು. ಕೊನೆಗೆ ಬಿಂದಿಗೆ ಹೊತ್ತು ಗುಡಿಗೆ ಹೋಗಿ, ಹೇಸಿಗೆಗೆ ಕಣ್ಣು ಮುಚ್ಚಿ, ಆ ನಾಲಗೆಯ ಮೇಲೆ ನೀರು ಬಿಟ್ಟಳು. ನೆಲಕ್ಕೆ ಒಂದು ಹನಿಯೂ ಬೀಳಲಿಲ್ಲ. ಮರದ ಗಂಟಲು ಗಟಗಟ ಕುಡಿಯಿತು... ಕೀವು ನಿಂತಿತು. ಅವಳ ಕೈಯ ನಾತ ಮಾತ್ರ ನಿಲ್ಲಲಿಲ್ಲ.

ಅಜ್ಜಿ ದನಿ ತಗ್ಗಿಸಿದಳು: "ಅವತ್ತಿಂದ ದಿನಾ ಹೊತ್ತು ಮುಳುಗೋಕೆ ಮುಂಚೆ ನೀರು ಹೊಯ್ಯೋದು ನಮ್ಮನೇರೇ. ಈಗ್ಲೂ ಕುಡೀತಾಳೆ. ಇವತ್ತು ಮಳೆ ಅಂತ ನಾನು ಹೋಗ್ಲಿಲ್ಲ... ಅದ್ಸರಿ, ಆಗ್ಲಿಂದ ಎಲ್ರೂ ಯಾಕ್ರೇ ಮೂಗಿಗೆ ಸೆರಗು ಹಿಡ್ಕಂಡಿದೀರಿ?"