ಕೆಳಗಿನ ಮನೆಯ ಉತ್ತರ

ಟಿಕೆಟ್ ಕೌಂಟರಿನ ಸಾಲಿನಲ್ಲಿ ದರ್ಜಿಯ ಮುಂದೆ ಇಬ್ಬರಿದ್ದರು: ಗರಗಸ ಹರಿತ ಮಾಡಿಸಿಕೊಂಡು ಊರಿಗೆ ಮರಳುತ್ತಿದ್ದ, ಮರ ಕಡಿಯುವುದನ್ನು ಕಲಿಸುವ ಮೇಷ್ಟ್ರು ಮತ್ತು ಆ ಊರು ಬಿಟ್ಟು ಎಂಟು ವರ್ಷವಾದ, ಈಗ ಮಗಳ ಮನೆಗೆ ಹೊರಟಿದ್ದ ಹೆಂಗಸು. ದರ್ಜಿಗೆ ಕಿವಿ ಮುಚ್ಚಿಕೊಳ್ಳುವ ಅಭ್ಯಾಸವಿರಲಿಲ್ಲ.

“ಕಾಡಿನ ಕೆಲಸ ಕಲಿಯೋಕೆ ಹೊಸಬರು ಬಂದಿದಾರಂತಲ್ಲ ಮೇಷ್ಟ್ರೇ. ಇನ್ನಾದ್ರೂ ಊರು ತುಂಬುತ್ತಾ?”

“ತುಂಬೋದಿರಲಿ, ಇನ್ನೂ ಒಂದು ಮರ ಬಿದ್ದಿಲ್ಲಕ್ಕ.”

“ಯಾಕೆ, ಕೈಲಾಗಲ್ವಾ?”

“ಆಗುತ್ತೆ. ಆದ್ರೆ ಮರ ಉರುಳೋ ಇಳಿಜಾರಿನ ಕೆಳಗಿನ ಮನೆಗೆ ಕೂಗಿ, ಮನೆಯವರು ‘ಓ, ಕಡೀರಿ’ ಅಂದ ಮೇಲೇ ಗರಗಸ ಇಡಬೇಕು ಅಂತ ಮೊದಲ ದಿನವೇ ಹೇಳಿಕೊಟ್ಟುಬಿಟ್ಟೆ.”

“ಸರಿಯಾಗೇ ಹೇಳಿದೀರಿ. ನಮ್ಮಪ್ಪನ ಕಾಲದಿಂದ ಹಾಗೇ.”

“ಅವರೂ ಸರಿಯಾಗೇ ಕಲಿತರು. ಮೂರು ದಿನದಿಂದ ಕೂಗ್ತಾರೆ, ಕಾಯ್ತಾರೆ, ಊಟಕ್ಕೆ ಹೋಗ್ತಾರೆ.”

“ಅವರಲ್ಲೇ ಒಬ್ಬರನ್ನ ಕೆಳಗೆ ಕೂರಿಸಿ.”

“ಕೂರಿಸಿದೆ. ಬೀಗ ಹಾಕಿರೋ ಮನೆ ಜಗಲಿ ಮೇಲೆ ಕೂತು ಓ ಅಂದ್ರೆ ಅದು ಮನೆಯವರ ಉತ್ತರ ಹೇಗಾಗುತ್ತೆ ಅಂತ ನನ್ನನ್ನೇ ಕೇಳ್ತಾರೆ.”

“ಕೆಳಗಿನ ಮನೆ ಯಾರದು?”

“ನಿಮ್ಮದೇ ಅಕ್ಕ.”

ಸಾಲು ಒಂದು ಹೆಜ್ಜೆ ಸರಿಯಿತು.

“ತರಬೇತಿ ಎಷ್ಟು ತಿಂಗಳು?”

“ಎಂಟು.”

“ಓ ಅನ್ನೋಕೆ ಎಂಟು ತಿಂಗಳು ಕೂರಬೇಕಾ?”

“ಮಧ್ಯೆ ಭಾನುವಾರ ರಜೆ ಇದೆ. ಬೀಗದ ಕೈ ಎಲ್ಲಿದೆ?”

“ಎಲ್ಲಿರುತ್ತೆ, ಚೀಲದಲ್ಲೇ.”

ಅಷ್ಟರಲ್ಲಿ ಕಿಟಕಿ ಬಂತು. ಹೆಂಗಸು ಮೇಷ್ಟ್ರ ಊರಿನ ಹೆಸರು ಹೇಳಿ ಎರಡು ಟಿಕೆಟ್ ಕೇಳಿದಳು.

“ಹೋಗಿಬರೋಕಾ?” ಎಂದ ಕಿಟಕಿಯವನು.

“ಹೋಗೋಕೆ.”

ಇಬ್ಬರೂ ಬಸ್ಸಿನತ್ತ ನಡೆದರು. ನಡೆಯುತ್ತಲೇ ಆಕೆ ಎರಡು ಸಲ ಗಂಟಲು ಸರಿಮಾಡಿಕೊಂಡಳು.